ಸೊಪ್ಪಿನಮ್ಮನ ಬೈಗುಳ ಮತ್ತು ಪ್ಯಾರಿಸ್ಸಿನ ಏಳನೇ ಅಧ್ಯಾಯ

ಏಳನೇ ಅಧ್ಯಾಯಕ್ಕೆ ಬರುವಷ್ಟರಲ್ಲಿ ಪ್ಯಾರಿಸ್ ಎಂದರೆ ನನಗೆ ವಾಕರಿಕೆ ಬರುವಂತಾಗಿತ್ತು. ಫ್ರೆಂಚ್ ಕ್ರಾಂತಿಗೆ ಮುಂಚಿನ ಕೆಲವು ದಶಕಗಳಲ್ಲಿ ಆ ಊರು ಹೇಗಿತ್ತು, ಯಾರು ಏನು ತಿನ್ನುತ್ತಿದ್ದರು, ಯಾರು ಯಾರನ್ನು ತಿನ್ನುತ್ತಿದ್ದರು ಎಂದು ಹೇಳುವ ಇಂಗ್ಲಿಷ್ ಪುಸ್ತಕವೊಂದನ್ನು ಕನ್ನಡಕ್ಕೆ ತರಲು ಒಪ್ಪಿಕೊಂಡಿದ್ದೆ. ಕೆಲಸ ವಹಿಸಿದವರು ರಾಜಾಜಿನಗರದ ಒಬ್ಬ ಪ್ರಕಾಶಕರು. "ಪ್ಯಾರಿಸ್ ಅಂದ್ರೆ ಜನ ತಗೋತಾರೆ ಮೇಡಂ, ಕವರ್ ಮೇಲೆ ಟವರ್ ಹಾಕ್ಸೋಣ" ಎಂದರು. ಆ ಟವರ್ ಕಟ್ಟಿದ್ದು ಕ್ರಾಂತಿಯಾಗಿ ನೂರು ವರ್ಷಕ್ಕೆ ಎಂದೆ. "ಇರ್ಲಿ ಬಿಡಿ, ಯಾರು ನೋಡ್ತಾರೆ" ಎಂದರು.

ಹೇಸಿಗೆ ನನಗೆ ಬೇಗ ಬರುತ್ತದೆ. ಕೆಂಗೇರಿಯ ತಂಗಿಯ ಮನೆಗೆ ಹೋಗುವಾಗ ವೃಷಭಾವತಿ ಹೊಳೆಯ ಗಬ್ಬು ಬಸ್ಸಿನೊಳಗೆ ನುಗ್ಗುವ ಮುಂಚೆಯೇ ನನ್ನ ಸೆರಗು ಮೂಗಿಗೆ ಹೋಗಿರುತ್ತದೆ. ಅಂಥವಳು ತಿಂಗಳುಗಟ್ಟಲೆ ಬೆಳಿಗ್ಗೆ ಎದ್ದು ಆ ಊರಿನ ಕೊಳಚೆಯಲ್ಲಿ ಕೈ ಅದ್ದಿ ಕೂತೆ. ಪಟ್ಟಣದ ನಡುವಿನ ಸ್ಮಶಾನ ತುಂಬಿ, ಪಕ್ಕದ ಮನೆಯ ನೆಲಮಾಳಿಗೆಯ ಗೋಡೆ ಒಡೆದು ಹೆಣಗಳು ಒಳಗೆ ಜಾರಿದ ಸಂಗತಿ ಮೂರನೇ ಅಧ್ಯಾಯದಲ್ಲಿತ್ತು. ಕಿಟಕಿಯಿಂದ ಬೀದಿಗೆ ಸುರಿಯುವ ಮಲಮೂತ್ರದ ಪಾತ್ರೆಗಳ ವಿಚಾರ ನಾಲ್ಕನೆಯದರಲ್ಲಿ. ಐದನೆಯದರಲ್ಲಿ ಶ್ರೀಮಂತರು, ಅದು ಇನ್ನೂ ಅಸಹ್ಯ. ಒಳಗೆ ಬರುವ ಸರಕಿನ ಮೇಲೆ ಸುಂಕ ಕೀಳಲು ಊರಿನ ಸುತ್ತ ಗೋಡೆ ಎಬ್ಬಿಸಿದರು. ಜನರಿಗೆ ರೊಟ್ಟಿಗೆ ಹಿಟ್ಟಿಲ್ಲದಾಗ ತಲೆಯ ಕೃತಕ ಕೂದಲ ಟೋಪನ್ನಿಗೆ ಹಿಟ್ಟಿನ ಪುಡಿ ಉದುರಿಸಿಕೊಂಡು ನಾಟಕ ನೋಡಲು ಹೋದರು. ಅದನ್ನು ಕನ್ನಡಕ್ಕೆ ತಂದ ದಿನ ಮಧ್ಯಾಹ್ನ ನನಗೆ ಊಟ ಸೇರಲಿಲ್ಲ.

ನನ್ನ ಪದ್ಧತಿ ಹಳೆಯ ಕಾಲದ್ದು. ಅಧ್ಯಾಯವನ್ನು ಎರಡು ಸಲ ಓದುತ್ತೇನೆ. ಮದುವೆಯ ಕರೆಯೋಲೆಗಳನ್ನು ಕತ್ತರಿಸಿ ಮಾಡಿಕೊಂಡ ಚೀಟಿಗಳ ಹಿಂಬದಿಯಲ್ಲಿ ತೊಡಕಿನ ಪದಗಳನ್ನು ಬರೆಯುತ್ತೇನೆ, ಒಂದು ಚೀಟಿಗೆ ಒಂದು ಪದ. ಮೊದಲ ಕರಡು ಕೈಬರಹ, ಹಾಳೆಯ ಒಂದೇ ಮಗ್ಗುಲಿಗೆ, ಎಡಕ್ಕೆ ಮೂರು ಬೆರಳು ಜಾಗ ಬಿಟ್ಟು. ಎರಡು ದಿನ ಅದನ್ನು ಮುಟ್ಟುವುದಿಲ್ಲ. ಆಮೇಲೆ ಗಟ್ಟಿಯಾಗಿ ಓದಿ, ನಾಲಿಗೆ ತಡವರಿಸಿದ ಕಡೆಯೆಲ್ಲ ಕೆಂಪು ಗೆರೆ ಎಳೆಯುತ್ತೇನೆ. ರಾಜನ ರಸ್ತೆಗೆ ಕೂಲಿಯಿಲ್ಲದೆ ದುಡಿಯುವುದಕ್ಕೆ 'ಬಿಟ್ಟಿ ಚಾಕರಿ' ಎಂಬ ಮಾತು ನಮ್ಮಲ್ಲಿ ಸಿದ್ಧವಾಗಿಯೇ ಇತ್ತು, ಹುಡುಕುವ ಕಷ್ಟವೇ ಬರಲಿಲ್ಲ. ಕಾಡಿದ್ದು 'ಪಾರ್ಲೆಮಾಂ'. ಹೆಸರು ಪಾರ್ಲಿಮೆಂಟಿನ ಹಾಗಿದ್ದರೂ ಅದೊಂದು ನ್ಯಾಯಾಲಯ. 'ರಾಜನ್ಯಾಯಾಲಯ' ಎಂದು ಬರೆದೆ, ಹೊಡೆದು ಹಾಕಿದೆ, ವಾರದ ಮೇಲೆ ಮತ್ತೆ ಅದನ್ನೇ ಬರೆದೆ.

ಏಳನೇ ಅಧ್ಯಾಯ ರೊಟ್ಟಿ ಅಂಗಡಿಯ ಮುಂದಿನ ಸಾಲಿನದು. ಕೂಲಿಯ ಬಹುಪಾಲು ರೊಟ್ಟಿಗೇ ಹೋಗುವ ಕಾಲ. ಸಾಲಿನಲ್ಲಿ ನಿಂತ ಹೆಂಗಸರು ಅಂಗಡಿಯವನನ್ನು, ಮಂತ್ರಿಯನ್ನು, ರಾಣಿಯನ್ನು ಒಂದೇ ಉಸಿರಿನಲ್ಲಿ ಬೈಯುತ್ತಾರೆ. ಓದು ಬರಹ ಬಾರದ ಅವರ ಮಾತು ಇಷ್ಟು ಕಾಲ ಹೇಗೆ ಉಳಿಯಿತು ಎಂದರೆ, ಪೊಲೀಸರು ಕಾಫಿ ಅಂಗಡಿ, ಸಂತೆ, ಸೇತುವೆಗಳಲ್ಲೆಲ್ಲ ಬೇಹಿನವರನ್ನು ಬಿಟ್ಟಿದ್ದರು. ಜನ ಅವರಿಗೆ 'ನೊಣ' ಎಂದು ಹೆಸರಿಟ್ಟಿದ್ದರು. ಕಿವಿಗೆ ಬಿದ್ದದ್ದನ್ನು ನೊಣಗಳು ಪೊಲೀಸರಿಗೆ ಬರೆದುಕೊಡುತ್ತಿದ್ದವು. ಆ ವರದಿಗಳಿಂದಲೇ ಇತಿಹಾಸಕಾರರು ಹೆಂಗಸರ ಮಾತನ್ನು ಹೆಕ್ಕಿ ತಂದಿದ್ದರು. ಮಾತು ಕದ್ದು ಹೊಟ್ಟೆ ಹೊರೆಯುವ ಆ ಜನರ ಬಗ್ಗೆ ನನಗೆ ಎಷ್ಟು ಹೇಸಿಗೆಯಾಯಿತೆಂದರೆ, ಹಾಳೆಯ ಅಂಚಿನಲ್ಲಿ 'ಥೂ' ಎಂದು ಬರೆದಿದ್ದೆ.

ಅಧ್ಯಾಯ ಕೈಕೊಟ್ಟದ್ದು ಇಲ್ಲಿಯೇ. ನನ್ನ ಕರಡಿನಲ್ಲಿ ಹೆಂಗಸರು "ನಿಮ್ಮ ದುರಾಡಳಿತದಿಂದ ನಾವು ಕಂಗೆಟ್ಟಿದ್ದೇವೆ" ಎನ್ನುತ್ತಿದ್ದರು. ಪ್ರಕಾಶಕರ ಬಳಿ ಕರಡು ತಿದ್ದುವವರು ಒಬ್ಬರಿದ್ದರು, ನಿವೃತ್ತ ಕನ್ನಡ ಮೇಷ್ಟ್ರು. ಆ ಪುಟ ಓದಿ ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. "ಅಲ್ಲಮ್ಮಾ, ಹಸ್ಕೊಂಡೋಳು ಅರ್ಜಿ ಬರೀತಾಳಾ?" ಎಂದು ಕೇಳಿದರು. ಮೂರು ಸಲ ತಿದ್ದಿದೆ. ಮೂರನೆಯದರಲ್ಲಿ ಸಾಲಿನ ಹೆಂಗಸರು ದೂರದರ್ಶನದ ಹಳೇ ಧಾರಾವಾಹಿಯವರ ಹಾಗೆ ಅಳತೊಡಗಿದರು. ಹರಿದು ಹಾಕಿದೆ.

ವಿಜಯನಗರದಲ್ಲಿ ನಮ್ಮ ಮನೆಯಿಂದ ಮಾರುಕಟ್ಟೆಗೆ ಹೋಗುವ ದಾರಿಯ ಫುಟ್‌ಪಾತಿನಲ್ಲಿ ಒಬ್ಬ ಅಮ್ಮ ಸೊಪ್ಪು ಮಾರುತ್ತಾರೆ. ಅರವತ್ತು ದಾಟಿದವರು. ಹೇರೋಹಳ್ಳಿಯಲ್ಲಿ ಮನೆ. ಬೆಳಗಾಗುವ ಮುಂಚೆ ತಾವರೆಕೆರೆ ಕಡೆಯ ಟೆಂಪೋದಿಂದ ಸೊಪ್ಪು ಇಳಿಸಿಕೊಂಡು ಇಲ್ಲಿಗೆ ಬಂದು ಗೋಣಿ ಹಾಸುತ್ತಾರೆ. ಆ ಜಾಗದಲ್ಲಿ ಕೂತು ಇಬ್ಬರು ಹೆಣ್ಣುಮಕ್ಕಳ ಮದುವೆ ಮಾಡಿದ್ದಾರೆ. ನನ್ನನ್ನು 'ನೀನು' ಎಂದು ಏಕವಚನದಲ್ಲೇ ಮಾತಾಡಿಸುತ್ತಿದ್ದರು. ದಂಟು ಎಳೆಯದಾಗಿಲ್ಲ ಎಂದರೆ "ನೀನೇನ್ ಎಳೇ ಮಗೀನಾ?" ಎನ್ನುತ್ತಿದ್ದರು.

ಮೂರನೇ ಕರಡು ಹರಿದ ಮರುದಿನ ಹೋದಾಗ ಅವರ ಮುಂದೆ ಕೆಲಸದವರು ಫುಟ್‌ಪಾತಿನ ಕಲ್ಲು ಕೀಳುತ್ತಿದ್ದರು. ಮಣ್ಣೆಲ್ಲ ಸೊಪ್ಪಿನ ಮೇಲೆ ಬಿದ್ದಿತ್ತು. ಸೊಪ್ಪಿನಮ್ಮ ಕೊತ್ತಂಬರಿ ಕೊಡವುತ್ತಾ ಬೈಯುತ್ತಿದ್ದರು.

"ನೋಡವ್ವ, ಮೂರ್ನೇ ಕಿತ ಕೀಳ್ತಾವ್ರೆ. ಚೆನ್ನಾಗಿರೋ ಕಲ್ಲ ಕಿತ್ತು ಅದೇ ಕಲ್ಲ ತಿರ್ಗಾ ಹಾಕ್ತಾವ್ರೆ. ತಿಂದಿದ್ದು ಅವ್ನ ಮೈಗೆ ಹತ್ದೇ ಹೋಗ. ಒಳಗಿರೋ ಗಬ್ಬು ಮೇಲೆ ಬಿಳೀ ಬಟ್ಟೆ ಹಾಕ್ಕಂಡ್ರೆ ಹೋಯ್ತದಾ? ಅವ್ನ ಹೊಟ್ಟೆ ನೋಡಿದ್ದೀಯಾ? ನಮ್ಮೆಲ್ಲಾರ್ ಹೊಟ್ಟೇನೂ ಅದ್ರೊಳಗೇ ಐತೆ."

'ಅವನು' ಎಂದರೆ ಯಾರೆಂದು ಆ ರಸ್ತೆಯಲ್ಲಿ ಎಲ್ಲರಿಗೂ ಗೊತ್ತು. ಕಾರ್ಪೊರೇಟರ್ ಆಗಿದ್ದವರು, ಈಗ ಮಾಜಿ, ಆದರೂ ಆ ಕಡೆ ಅವರ ಮಾತಿಲ್ಲದೆ ಕಲ್ಲು ಅಲ್ಲಾಡುವುದಿಲ್ಲ. ನನಗೆ ಅವರಿಗಿಂತ ಪ್ಯಾರಿಸ್ಸಿನ ಮಂತ್ರಿ ನೆನಪಾದ. ಚೀಲದ ಮರೆಯಲ್ಲಿ ಚೀಟಿ ಹಿಡಿದು ಬರೆದುಕೊಂಡೆ. ಆಮೇಲೆ ಹತ್ತು ಹನ್ನೆರಡು ದಿನ, ಬೇಕಿರಲಿ ಬೇಡದಿರಲಿ, ಸೊಪ್ಪು ತರಲು ಹೋದೆ. ಗ್ಯಾಸ್ ಬೆಲೆ, ಅಳಿಯ, ಬಸ್ ಕಂಡಕ್ಟರ್ ಎಂದು ಒಂದೊಂದು ಎಳೆ ಎತ್ತಿಕೊಟ್ಟು ಬಾಯಿ ಬಿಡಿಸುತ್ತಿದ್ದೆ. ಮನೆಯಲ್ಲಿ ಮೂರು ಹೊತ್ತೂ ಸೊಪ್ಪಿನ ಸಾರು. "ನಾವೇನು ಮೇಕೆಗಳಾ?" ಎಂದು ಯಜಮಾನರು ಕೇಳಿದರು.

ಏಳನೇ ಅಧ್ಯಾಯ ಎರಡೇ ದಿನದಲ್ಲಿ ಎದ್ದು ನಿಂತಿತು. ರೊಟ್ಟಿಯ ಸಾಲಿನ ಹೆಂಗಸು "ಒಳಗಿರೋ ಗಬ್ಬು ತಲೆ ಮೇಲೆ ಹಿಟ್ಟು ಬಳ್ಕಂಡ್ರೆ ಹೋಯ್ತದಾ?" ಎಂದು ಕೇಳಿದಳು. ಮೂಲದಲ್ಲಿ ಇದ್ದ ಅರ್ಥ ಅದೇ, ಮಾತು ಮಾತ್ರ ಹೇರೋಹಳ್ಳಿಯದು. ಮೇಷ್ಟ್ರು ಆ ಪುಟ ಓದಿ ತಿದ್ದದೆ ಹಿಂದಕ್ಕೆ ಕೊಟ್ಟರು. ಅಷ್ಟು ಖುಷಿ ನನಗೆ ಬಹಳ ವರ್ಷಗಳಿಂದ ಆಗಿರಲಿಲ್ಲ.

ನಮ್ಮ ಪುಸ್ತಕಗಳಲ್ಲಿ ಒಂದು ರೂಢಿ ಇದೆ. ಅನುವಾದಕರ ಮಾತಿನ ಕೊನೆಯಲ್ಲಿ ಯಾರನ್ನೂ ಬಿಡದೆ ನೆನೆಯಬೇಕು. ಮುಖಪುಟ ಬರೆದವರು, ಅಕ್ಷರ ಜೋಡಿಸಿದವರು, ಹೊತ್ತು ಹೊತ್ತಿಗೆ ಕಾಫಿ ಕೊಟ್ಟವರು, ಎಲ್ಲರ ಹೆಸರೂ ಇರಬೇಕು. ಬಿಟ್ಟರೆ ಮುನಿಸು. ನಾನೂ ಬರೆದೆ. ಉಳಿದವರಿಗೆಲ್ಲ ಒಂದೊಂದು ಸಾಲು, ಸೊಪ್ಪಿನಮ್ಮನಿಗೆ ಒಂದು ಪ್ಯಾರಾ. ಅವರ ಹೆಸರು, ರಸ್ತೆ, ಯಾವ ಅಂಗಡಿಯ ಮುಂದೆ ಕೂರುತ್ತಾರೆ ಎಂಬ ಗುರುತು, ಎಲ್ಲ ಇತ್ತು. 'ನಮ್ಮ ವಾರ್ಡಿನ ದೊಡ್ಡವರ ಹೊಟ್ಟೆಯ ಬಗ್ಗೆ ಇವರು ಆಡಿದ ಮಾತು ಪ್ಯಾರಿಸ್ಸಿನ ಮಂತ್ರಿಯ ಹೊಟ್ಟೆಗೂ ಅಳತೆ ತೆಗೆದಂತೆ ಹೊಂದಿತು' ಎಂದು ಬರೆದು, ಎರಡು ಸಲ ಓದಿಕೊಂಡು ನಕ್ಕೆ. ದೊಡ್ಡ ದೊಡ್ಡ ವಿದ್ವಾಂಸರ ಜೊತೆಗೆ ಸೊಪ್ಪು ಮಾರುವವರನ್ನು ಕೂರಿಸಿದೆ ಎಂಬ ಹೆಮ್ಮೆ ಬೇರೆ. ಅವರನ್ನು ಒಂದು ಮಾತು ಕೇಳಬೇಕೆಂದು ಹೊಳೆಯಲೇ ಇಲ್ಲ.

ಪುಸ್ತಕ ಅಚ್ಚಾಗಿ ಬಂದ ಮೇಲೆ ಪ್ರಕಾಶಕರು ಬಿಡುಗಡೆಗೆ ಮುಖ್ಯ ಅತಿಥಿ ಯಾರೆಂದು ತಿಳಿಸಿದರು. ಅದೇ ಮಾಜಿ ಕಾರ್ಪೊರೇಟರ್. ಸಭಾಂಗಣ ಅವರ ಕಡೆಯವರದಂತೆ, ಬಾಡಿಗೆ ಇಲ್ಲವಂತೆ. ಆ ಪ್ಯಾರಾ ತೆಗೆದು ಮತ್ತೆ ಓದಿದೆ. ಆದರೂ ಆ ಮನುಷ್ಯ ಪುಸ್ತಕ ಎಲ್ಲಿ ಓದುತ್ತಾರೆ ಎಂದು ಸಮಾಧಾನ ಮಾಡಿಕೊಂಡೆ. ನಾನು ಮರೆತದ್ದು ಒಂದೇ. ಪುಸ್ತಕ ಓದದ ಅತಿಥಿಗಳು ಓದುವುದು ಅನುವಾದಕರ ಮಾತು ಇರುವ ಮೊದಲ ನಾಲ್ಕು ಪುಟಗಳನ್ನೇ, ಅದೂ ಕಾರಿನಲ್ಲಿ ಬರುವಾಗ.

ಅವರು ಬಂದದ್ದು ಒಂದೂವರೆ ಗಂಟೆ ತಡವಾಗಿ. ನಾಡಗೀತೆ, ದೀಪ, ಶಾಲು, ಪೇಟ, ಹಣ್ಣಿನ ಬುಟ್ಟಿ ಎಲ್ಲ ಮುಗಿದ ಮೇಲೆ ಮೈಕು ಹಿಡಿದು ಪುಸ್ತಕ ತೆರೆದರು. ನನ್ನ ಆ ಪ್ಯಾರಾವನ್ನು ಹೆಸರು, ರಸ್ತೆ ಸಮೇತ ಗಟ್ಟಿಯಾಗಿ ಓದಿದರು. ತಮ್ಮ ಹೊಟ್ಟೆಯನ್ನು ತಾವೇ ತಟ್ಟಿ "ಇದೇ ನೋಡಿ ಆ ಹೊಟ್ಟೆ!" ಎಂದರು. ಸಭೆ ಬಿದ್ದು ಬಿದ್ದು ನಕ್ಕಿತು. "ಆಯಮ್ಮನ್ನ ನಾವೂ ಒಂದ್ಸಲ ನೋಡ್ಬೇಕು" ಎಂದು ಕೂತರು. ಎಂಥ ದೊಡ್ಡ ಮನಸ್ಸು ಎಂದು ಪಕ್ಕದಲ್ಲಿದ್ದ ಅಧ್ಯಕ್ಷರು ನನ್ನ ಕಿವಿಯಲ್ಲಿ ಹೇಳಿದರು. ನಾನೂ ನಕ್ಕೆ. ಆ ನಗು ನೆನೆದರೆ ಇವತ್ತಿಗೂ ನನ್ನ ಮುಖಕ್ಕೆ ನಾನೇ ಉಗುಳಬೇಕೆನಿಸುತ್ತದೆ.

ನಾಲ್ಕನೇ ದಿನ ಸೊಪ್ಪಿಗೆ ಹೋದರೆ ಅವರ ಜಾಗದಲ್ಲಿ ಸಿಮೆಂಟಿನ ಹೂಕುಂಡ ಎರಡು ಕೂತಿದ್ದವು. ಪಕ್ಕದಲ್ಲಿ ಮಲ್ಲಿಗೆ ಮಾರುವವಳು ಇದ್ದಳು, ಎಳನೀರಿನವನು ಇದ್ದ, ಚಪ್ಪಲಿ ಹೊಲಿಯುವವರು ಇದ್ದರು. ಹಿಂದಿನ ದಿನ ಲಾರಿ ಬಂದು ಸೊಪ್ಪಿನಮ್ಮನ ಗೋಣಿ, ಕೊಡೆ, ಬುಟ್ಟಿ ಮಾತ್ರ ತುಂಬಿಕೊಂಡು ಹೋಯಿತೆಂದು ಮಲ್ಲಿಗೆಯವಳು ಹೇಳಿದಳು.

"ಅವ್ರನ್ನೊಬ್ರನ್ನೇ ಯಾಕಕ್ಕಾ? ಪಾಪ, ಅವರ್ಗೂ ಗೊತ್ತಿಲ್ಲ. ಕಾಲ್ಗೆ ಬಿದ್ರು. ಲಾರಿಯೋರು ಮೇಲಿಂದ ಹೇಳವ್ರೆ ಅಂದ್ರು."

ನನಗೆ ಗೊತ್ತಿತ್ತು. ಅಲ್ಲಿಂದ ನೇರ ರಾಜಾಜಿನಗರಕ್ಕೆ ಹೋದೆ. ಉಳಿದ ಪ್ರತಿಗಳಲ್ಲಿ ಆ ಹಾಳೆ ತೆಗೆಸಿ ಎಂದು ಪ್ರಕಾಶಕರನ್ನು ಕೇಳಿದೆ. "ಮೇಡಂ, ಜನ ಆ ಪೇಜ್ ಕೇಳ್ಕೊಂಡೇ ತಗೋತಾ ಇದಾರೆ!" ಎಂದು ಫೋನು ತೋರಿಸಿದರು. ಪುಟದ ಫೋಟೋ ಯಾವ ಯಾವುದೋ ಗುಂಪುಗಳಲ್ಲಿ ಓಡಾಡುತ್ತಿತ್ತು, ಕೆಳಗೆ ನಗುವ ಮುಖಗಳ ಸಾಲು. ಅವರ ಗೋದಾಮಿನಲ್ಲಿ ಎರಡು ದಿನ ಕೂತು, ಬೇಡವೆಂದರೂ ಬಿಡದೆ, ಬ್ಲೇಡಿನಿಂದ ಹಾಳೆ ಕೊಯ್ದೆ. ಅದರಿಂದ ಯಾರಿಗೂ ಏನೂ ಆಗಲಿಲ್ಲ, ನನ್ನ ಹೆಬ್ಬೆರಳು ಕೊಯ್ದುಕೊಂಡಿತು ಅಷ್ಟೆ.

ಮೂರನೇ ದಿನ ಮಾಜಿ ಕಾರ್ಪೊರೇಟರರ ಕಚೇರಿಗೆ ಹೋದೆ. ಅವರು ಸಿಗಲಿಲ್ಲ. ಸಹಾಯಕ ಒಬ್ಬ ಬಹಳ ಮರ್ಯಾದೆಯಿಂದ ಕೂರಿಸಿ ಟೀ ತರಿಸಿದ.

"ಅಣ್ಣಂಗೆ ಒಂಚೂರೂ ಬೇಜಾರಿಲ್ಲ ಮೇಡಂ. ಆ ಅಮ್ಮನ್ನ ಕರ್ಕೊಂಡ್ ಬನ್ನಿ. ಅಣ್ಣ ಶಾಲು ಹೊದಿಸ್ತಾರೆ, ಅಮ್ಮ ಅಣ್ಣಂಗೆ ಪುಸ್ತಕ ಕೊಡ್ತಾರೆ, ಒಂದು ಫೋಟೋ. ಬೈದೋರ್ನೂ ತಾಯಿ ಥರ ನೋಡ್ಕೋತಾರೆ ಅಂತ ಜನಕ್ಕೂ ಗೊತ್ತಾಗ್ಲಿ. ಮಾರನೇ ದಿನದಿಂದ ಅಲ್ಲೇ ಆರಾಮಾಗಿ ಮಾರ್ಕೊಳ್ಳಿ."

ಟೀ ಲೋಟ ಕೆಳಗಿಟ್ಟೆ. ಕಿತ್ತುಕೊಂಡ ಜಾಗವನ್ನೇ ದಾನ ಕೊಡುವ ಈ ನಾಜೂಕು ಐದನೇ ಅಧ್ಯಾಯದ ಟೋಪನ್ನಿನವರಿಗೂ ಇರಲಿಲ್ಲ. ಹೊರಗೆ ಬಂದು ಬಸ್ ಸ್ಟಾಪಿನಲ್ಲಿ ಬಹಳ ಹೊತ್ತು ನಿಂತೆ. ಸೊಪ್ಪಿನಮ್ಮನಿಗೆ ತಮ್ಮ ಜಾಗ ಯಾಕೆ ಹೋಯಿತೆಂದು ಗೊತ್ತಿರಲಿಲ್ಲ. ನಾನು ಬಾಯಿ ಮುಚ್ಚಿಕೊಂಡು, ದೊಡ್ಡವರೊಬ್ಬರು ಸನ್ಮಾನ ಮಾಡುತ್ತಾರಂತೆ ಬನ್ನಿ ಎಂದು ಕರೆದುಕೊಂಡು ಹೋಗಬಹುದಿತ್ತು. ಅವರ ಕಣ್ಣಲ್ಲಿ ಒಳ್ಳೆಯವಳಾಗಿಯೇ ಉಳಿಯುತ್ತಿದ್ದೆ. ಆ ಯೋಚನೆ ಬಂದ ಕ್ಷಣವೇ ಅಸಹ್ಯವಾಯಿತು. ಎಲ್ಲ ಹೇಳಿಬಿಡುವುದೆಂದು ಹೇರೋಹಳ್ಳಿಯ ಬಸ್ಸು ಹತ್ತಿದೆ.

ಮಲ್ಲಿಗೆಯವಳು ಹೇಳಿದ ಗುರುತು ಹಿಡಿದು, ಗುಂಡಿ ಬಿದ್ದ ರಸ್ತೆಯಲ್ಲಿ ಮನೆ ಹುಡುಕಿದೆ. ಅವರು ಹೊಸ್ತಿಲ ಹತ್ತಿರ ಕೂತು ಬಾಡಿದ ಮೆಂತ್ಯ ಬಿಡಿಸುತ್ತಿದ್ದರು. ಆ ವಾರ ತಳ್ಳುಗಾಡಿ ಬಾಡಿಗೆಗೆ ತಂದು ಓಣಿಗಳಲ್ಲಿ ಮಾರುತ್ತಿದ್ದರಂತೆ. ಮಂಡಿ ಊದಿಕೊಂಡಿತ್ತು. ನನ್ನನ್ನು ಕಂಡು ಮುಖ ಅರಳಿತು.

"ಅಯ್ಯೋ, ನನ್ನ ಹುಡುಕ್ಕಂಡು ಇಲ್ಲಿಗಂಟ ಬಂದ್ಯಾ! ಕೂತ್ಕೊ, ಕಾಫಿ ಕಾಯಿಸ್ತೀನಿ."

ಬೇಡವೆಂದೆ. ನಿಂತೇ ಎಲ್ಲ ಹೇಳಿದೆ. ಚೀಟಿ, ಪುಸ್ತಕ, ಅವರ ಹೆಸರು, ಸಭೆ, ನಗು, ಲಾರಿ, ಕೊನೆಗೆ ಫೋಟೋ. ಅವರು ಸೊಪ್ಪು ಬಿಡಿಸುವುದನ್ನು ನಿಲ್ಲಿಸಲಿಲ್ಲ. ಮುಗಿದ ಮೇಲೆ ಕೇಳಿದರು.

"ಎಲ್ಲಿ, ಆ ಪುಸ್ತಕ ಐತಾ? ಏನ್ ಬರ್ದೆ ಓದು."

ಚೀಲದಲ್ಲಿತ್ತು. ರೊಟ್ಟಿಯ ಸಾಲಿನ ಭಾಗ ಓದಿದೆ. ಮೊದಲು ಒಂದೆರಡು ಸಲ ಅವರ ತುಟಿಗೆ ನಗು ಬಂದಿತು. ಹೊಟ್ಟೆಯ ಮಾತು ಬಂದಾಗ "ಹೂಂ, ನಂದೇ" ಎಂದರು. ಓದಿ ಮುಗಿಸಿದಾಗ ಇನ್ನೊಂದು ಕಟ್ಟು ಮೆಂತ್ಯ ಎಳೆದುಕೊಂಡು ಕೇಳಿದರು.

"ಆಯಮ್ಮನ ಮಾತ ಅವಾಗ ಯಾರು ಬರ್ಕಂಡಿದ್ದು?"

"ಪೊಲೀಸ್ ಕಡೆಯವನೊಬ್ಬ, ಅಮ್ಮಾ. ಕದ್ದು ಕೇಳಿ ಚಾಡಿ ಹೇಳೋನು."

"ಆಯಮ್ಮನ ಹೆಸ್ರೇನು?"

ಪುಟ ತಿರುವಿದೆ. ಎಷ್ಟು ಸಲ ತಿದ್ದಿದ ಪುಟ, ಆದರೂ ಮತ್ತೆ ನೋಡಿದೆ. "ಹೆಸ್ರಿಲ್ಲ. 'ರೊಟ್ಟಿ ಸಾಲಿನಲ್ಲಿ ಒಬ್ಬ ಹೆಂಗಸು' ಅಂತ ಅಷ್ಟೇ ಬರ್ದಿದಾನೆ."

ಅವರು ತಲೆಯೆತ್ತಿ ನನ್ನನ್ನು ನೋಡಿದರು. ಸಿಟ್ಟಿರಲಿಲ್ಲ. ಸಿಟ್ಟಿದ್ದಿದ್ದರೆ ಎಷ್ಟೋ ವಾಸಿಯಾಗಿತ್ತು.

"ಚಾಡಿ ಹೇಳೋನ್ಗೆ ಇದ್ದ ಬುದ್ಧಿ ನಿಂಗಿರ್ನಿಲ್ವಾ ತಾಯಿ?"

ತಪ್ಪಾಯಿತು ಎಂದೆ. ಫೋಟೋಗೆ ಬರುವುದು ಬೇಡ, ಬೇರೆ ದಾರಿ ನೋಡೋಣ, ಯಾರಿಗಾದರೂ ದೂರು ಬರೆದುಕೊಡುತ್ತೇನೆ ಎಂದೆ. ಬರೆಯುವ ಮಾತು ಕೇಳುತ್ತಲೇ ಅವರು ಕೈ ಅಡ್ಡ ಮಾಡಿದರು.

"ನೀನಿನ್ನೇನೂ ಬರೀಬ್ಯಾಡ. ಫೋಟೋ ತಾನೇ, ಹೊಡ್ಕಳ್ಲಿ. ನಂಗೆ ಜಾಗ ಬೇಕು."

ಸೋಮವಾರ ಬೆಳಿಗ್ಗೆ ಆ ಕಚೇರಿಯಲ್ಲಿ ಅವರಿಗೆ ಶಾಲು ಹೊದಿಸಿದರು. ಇಸ್ತ್ರಿ ಮಾಡಿದ ಸೀರೆ ಉಟ್ಟು ಬಂದಿದ್ದರು. ಪುಸ್ತಕ ಕೊಡಮ್ಮಾ ಎಂದಾಗ ಕೊಟ್ಟರು, ನಗಮ್ಮಾ ಎಂದಾಗ ನಕ್ಕರು. ಕೈಮುಗಿಯಮ್ಮಾ ಎಂದು ಯಾರೂ ಹೇಳಿರಲಿಲ್ಲ, ಅದನ್ನು ಅವರೇ ಮಾಡಿದರು. ಬಿಳಿ ಬಟ್ಟೆಯ ಮಾಜಿ ಕಾರ್ಪೊರೇಟರ್ ಸೊಪ್ಪಿನಮ್ಮನ ತಲೆ ನೇವರಿಸಿದರು. ಆ ಮನುಷ್ಯ ಅಮ್ಮನಿಗಿಂತ ಹತ್ತು ವರ್ಷಕ್ಕಾದರೂ ಚಿಕ್ಕವರು. ನಾನು ಬಾಗಿಲ ಹತ್ತಿರ ನಿಂತು ನೋಡಿದೆ. ನೋಡದೆ ಹೊರಟುಹೋಗುವ ಹಕ್ಕು ನನಗಿಲ್ಲ ಎನಿಸಿ ಕೊನೆಯವರೆಗೂ ನಿಂತೆ.

ಮಂಗಳವಾರ ಹೂಕುಂಡಗಳು ಹೋದವು. ಅವರು ಮತ್ತೆ ಅದೇ ಅಂಗಡಿಯ ಮುಂದೆ ಗೋಣಿ ಹಾಸಿದರು. ಪುಸ್ತಕಕ್ಕೆ ಒಳ್ಳೆಯ ವಿಮರ್ಶೆಗಳು ಬಂದವು. ಏಳನೇ ಅಧ್ಯಾಯದ ಭಾಷೆ ಜೀವಂತವಾಗಿದೆ ಎಂದು ಒಬ್ಬರು ಬರೆದಿದ್ದರು. ಅದನ್ನು ಪ್ರಕಾಶಕರು ಕಳಿಸಿದಾಗ ಪೂರ್ತಿ ಓದಲಾಗದೆ ಅಳಿಸಿ ಹಾಕಿದೆ.

ಒಂದು ವಾರ ಬಿಟ್ಟು ಸೊಪ್ಪಿಗೆ ಹೋದೆ. ದೂರದಿಂದಲೇ ಅವರ ದನಿ ಕೇಳುತ್ತಿತ್ತು. ಯಾರನ್ನೋ ಜೋರಾಗಿ ಬೈಯುತ್ತಿದ್ದರು, ಮಲ್ಲಿಗೆಯವಳು ಹೂವು ಕಟ್ಟುವುದು ಬಿಟ್ಟು ನಗುತ್ತಿದ್ದಳು, ಚಪ್ಪಲಿ ಹೊಲಿಯುವವರೂ ಅವರ ಕಡೆ ತಿರುಗಿ ಕೂತಿದ್ದರು. ಮಲ್ಲಿಗೆಯವಳು ನನ್ನನ್ನು ನೋಡಿ ಸೊಪ್ಪಿನಮ್ಮನ ಮಂಡಿ ಮುಟ್ಟಿದಳು. ಮಾತು ಅರ್ಧಕ್ಕೆ ನಿಂತಿತು.

"ಏನ್ ಬೇಕು ಮೇಡಂ, ಹೇಳಿ" ಎಂದರು ಸೊಪ್ಪಿನಮ್ಮ.

ಎರಡು ಕಟ್ಟು ಮೆಂತ್ಯ ಎಂದೆ. ಒಳ್ಳೆಯದನ್ನೇ ಆರಿಸಿ, ನೀರು ಕೊಡವಿ, ಚೀಲಕ್ಕೆ ಹಾಕಿದರು. ನಾನು ರಸ್ತೆ ದಾಟಿ ಆ ಕಡೆ ಸೇರುವವರೆಗೂ ಅಲ್ಲಿ ಯಾರೂ ಬಾಯಿ ಬಿಡಲಿಲ್ಲ.